ನುಡಿಸುವ ಕೈ ಯಾರದು?

ಸಂಗೀತ ಅಂದರೆ ದೇವರಿಗೆ ಬಲು ಇಷ್ಟ, ಹಾಡಿದರೆ ಸಾಕು ಒಲಿದುಬಿಡುತ್ತಾನೆ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಬಸವಣ್ಣನವರು ಇದನ್ನು ಒಪ್ಪುವುದಿಲ್ಲ. ಅವರ ಒಂದು ವಚನ ಶುರುವಾಗುವುದೇ ಹೀಗೆ: "ನಾದಪ್ರಿಯ ಶಿವನೆಂಬರು, ನಾದಪ್ರಿಯ ಶಿವನಲ್ಲಯ್ಯಾ." ಆಮೇಲೆ ವೇದಕ್ಕೂ ಅದೇ ಮಾತು. ನಾದ ಮಾಡಿದ ರಾವಣನಿಗೆ ಅರ್ಧ ಆಯುಷ್ಯವಾಯಿತು. ವೇದ ಓದಿದ ಬ್ರಹ್ಮನ ತಲೆ ಹೋಯಿತು. ನಮ್ಮ ಕೂಡಲಸಂಗಮದೇವ ಇವೆರಡಕ್ಕೂ ಒಲಿಯುವವನಲ್ಲ, ಅವನು ಭಕ್ತಿಪ್ರಿಯ ಅಂತ ವಚನ ಮುಗಿಯುತ್ತದೆ.

ಸಂಗೀತವನ್ನು ಹಚ್ಚಿಕೊಂಡವರಿಗೆ ಈ ವಚನ ಸುಮ್ನೆ ಓದಿ ಮುಂದೆ ಹೋಗುವಂಥದ್ದಲ್ಲ. ದಿನಾ ಬೆಳಿಗ್ಗೆ ಎದ್ದು ರಿಯಾಜ಼್ ಮಾಡುವವರು, ಊರೂರು ಅಲೆದು ಕಛೇರಿ ಕೇಳುವವರು, ದೇವರ ಮನೆಯಲ್ಲಿ ಎರಡು ಪದ ಹೇಳದೆ ಕಾಫಿ ಕುಡಿಯದವರು, ಇವರಿಗೆಲ್ಲ ಇದರಲ್ಲಿ ಒಂದು ಪ್ರಶ್ನೆ ಇದೆ. ಅವನಿಗೆ ನಾದ ಬೇಡವಾದರೆ ನಾವು ಹಾಡುವುದು ಯಾರಿಗೆ?

ವಿಚಿತ್ರ ಏನಂದರೆ, ಇದನ್ನು ಹೇಳಿದ ಬಸವಣ್ಣನವರೇ ಇನ್ನೊಂದು ಕಡೆ ತಮ್ಮ ಇಡೀ ಮೈಯನ್ನು ವಾದ್ಯ ಮಾಡಿಕೋ ಅಂತ ಬೇಡಿಕೊಳ್ಳುತ್ತಾರೆ.

"ಎನ್ನ ಕಾಯವ ದಂಡಿಗೆಯ ಮಾಡಯ್ಯಾ,
ಎನ್ನ ಶಿರವ ಸೋರೆಯ ಮಾಡಯ್ಯಾ,
ಎನ್ನ ನರವ ತಂತಿಯ ಮಾಡಯ್ಯಾ,
ಎನ್ನ ಬೆರಳ ಕಡ್ಡಿಯ ಮಾಡಯ್ಯಾ,
ಬತ್ತೀಸ ರಾಗವ ಹಾಡಯ್ಯಾ,
ಉರದಲೊತ್ತಿ ಬಾರಿಸು ಕೂಡಲಸಂಗಮದೇವಾ."

ದಂಡಿಗೆ ಅಂದರೆ ವೀಣೆಯ ಉದ್ದನೆಯ ಕೋಲು, ಸೋರೆ ಅಂದರೆ ಅದರ ಬುರುಡೆ, ಕಡ್ಡಿ ಅಂದರೆ ತಂತಿ ಮೀಟುವ ಕಡ್ಡಿ, ಬತ್ತೀಸ ಅಂದರೆ ಮೂವತ್ತೆರಡು. ನಮ್ಮಲ್ಲಿ ಇದನ್ನು ಕೇಳದವರು ಕಡಿಮೆ. ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೇವೆ, ಮಠದಲ್ಲಿ ಕೇಳಿರುತ್ತೇವೆ, ಮದುವೆ ಮನೆಯ ಮೈಕಿನಲ್ಲಿ ಕೂಡ ಕೇಳಿರುತ್ತೇವೆ. ನನ್ನ ಮಟ್ಟಿಗೆ ಈ ಎರಡು ವಚನಗಳನ್ನು ಒಟ್ಟಿಗೆ ಇಟ್ಟು ಓದಿದಾಗಲೇ ಎರಡೂ ಬಾಯಿ ಬಿಟ್ಟವು.

ನಡುವೆ ಇರುವವನು ರಾವಣ. ಅವನ ಕಥೆ ಎಲ್ಲರಿಗೂ ಗೊತ್ತು. ಶಿವನನ್ನು ಒಲಿಸಿಕೊಳ್ಳಬೇಕು ಅಂತ ತನ್ನ ತಲೆಯನ್ನೇ ಕತ್ತರಿಸಿ ಸೋರೆ ಮಾಡಿದ, ತೋಳನ್ನು ದಂಡಿಗೆ ಮಾಡಿದ, ನರಗಳನ್ನು ಎಳೆದು ತಂತಿ ಕಟ್ಟಿದ, ನುಡಿಸಿದ. ಅಂದರೆ ಮೈಯನ್ನೇ ವೀಣೆ ಮಾಡುವುದು ಬಸವಣ್ಣನವರ ಹೊಸ ಕಲ್ಪನೆಯಲ್ಲ. ಅದು ರಾವಣ ಮಾಡಿದ ಕೆಲಸ. ಅದೇ ತಲೆ, ಅದೇ ಸೋರೆ, ಅದೇ ನರ, ಅದೇ ತಂತಿ. ಹಾಗಿದ್ದರೆ ರಾವಣನದು ಏಕೆ ಸಾಲಲಿಲ್ಲ?

ರಾವಣ ತನ್ನ ಕೈಯಾರೆ ಕತ್ತರಿಸಿಕೊಂಡ. ತನ್ನ ಕೈಯಾರೆ ನುಡಿಸಿದ. ವರ ಬೇಕಿತ್ತು, ಕೇಳಿದ. ಅಷ್ಟೆಲ್ಲಾ ಕೊಟ್ಟ ಮೇಲೂ ನುಡಿಸುವ ಕೈ ಮಾತ್ರ ಅವನದೇ ಆಗಿತ್ತು. ಬಸವಣ್ಣನವರು ಒಂದೊಂದು ಸಾಲಿಗೂ "ಮಾಡಯ್ಯಾ" ಅನ್ನುತ್ತಾರೆ. ಬೆರಳನ್ನೂ ಬಿಡುವುದಿಲ್ಲ, ಅದನ್ನೂ ಕಡ್ಡಿ ಮಾಡಿಕೋ ಅನ್ನುತ್ತಾರೆ. ಮಾಡುವವನು ನೀನು, ಹಾಡುವವನು ನೀನು, ಎದೆಗೆ ಒತ್ತಿಕೊಂಡು ಬಾರಿಸುವವನೂ ನೀನೇ. ನನ್ನದು ಅಂತ ಉಳಿಯುವುದು ಆ ಎದೆಗೆ ತಾಗಿಕೊಂಡಿರುವುದು ಮಾತ್ರ. ಸಂಗೀತಕ್ಕೂ ಆತ್ಮಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಹಾಡಿನ ಒಳಗೆ ಯಾವುದೋ ಒಂದು ಹೊತ್ತಿನಲ್ಲಿ "ನಾನು ಹಾಡುತ್ತಿದ್ದೇನೆ" ಅನ್ನುವುದು ಸಡಿಲವಾಗುತ್ತದೆ. ಅಲ್ಲಿಂದ ಮುಂದೆ ನಡೆಯುವುದಕ್ಕೆ ನಮ್ಮ ಹಿರಿಯರು ಭಕ್ತಿ ಅಂದರು.

ಇದು ಬರೀ ಮಾತಲ್ಲ. ತಂಬೂರಿಯ ಮುಂದೆ ಕೂತವರಿಗೆ ಇದರ ಅನುಭವ ಸ್ವಲ್ಪವಾದರೂ ಆಗಿರುತ್ತದೆ.

ನಾನು ಚಿಕ್ಕವಯಸ್ಸಿನಲ್ಲಿ ಧಾರವಾಡದಲ್ಲಿ ಸಂಗೀತ ಕಲಿತದ್ದು ಒಬ್ಬ ವಯಸ್ಸಾದ ಮಾಸ್ತರರ ಹತ್ತಿರ. ಅವರ ಮನೆಯ ಮೂಲೆಯಲ್ಲಿ ಎರಡು ಮಿರಜ್ ತಂಬೂರಿ ಇದ್ದವು, ಹಳೇ ಸೀರೆಯ ಗವಸು ಹಾಕಿಕೊಂಡು. ಪಾಠಕ್ಕೆ ಹೋದ ತಕ್ಷಣ ಹಾಡುವ ಹಾಗಿರಲಿಲ್ಲ. ಮೊದಲು ತಂಬೂರಿ ಶ್ರುತಿಗೆ ಬರಬೇಕು. ನಾಲ್ಕು ತಂತಿ. ಮೊದಲನೆಯದು ಪಂಚಮ, ಅಂದರೆ ಪ; ನಡುವಿನ ಎರಡು ಜೋಡಿ ಷಡ್ಜ, ಅಂದರೆ ಸಾ; ಕೊನೆಯದು ದಪ್ಪ ಹಿತ್ತಾಳೆ ತಂತಿ, ಖರ್ಜದ, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಮೇಲಿನ ಬಿರಡೆ ತಿರುಗಿಸಿ ಒಂದು ಮಟ್ಟಕ್ಕೆ ತರುವುದು, ಆಮೇಲೆ ಕೆಳಗಿನ ಮಣಿ ಸರಿಸಿ ಕೂದಲೆಳೆಯಷ್ಟು ತಿದ್ದುವುದು. ಅದಾದ ಮೇಲೆ ಕುದುರೆಯ ಮೇಲೆ, ಅಂದರೆ ತಂತಿಗಳು ಹಾದುಹೋಗುವ ಸಣ್ಣ ಹಲಗೆಯ ಮೇಲೆ, ತಂತಿಯ ಕೆಳಗೆ ಒಂದು ಸಣ್ಣ ಹತ್ತಿ ನೂಲು. ಆ ನೂಲನ್ನು ಒಂದು ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಸರಿಸಿದರೆ ಸಾಕು, ಡಬ್ ಡಬ್ ಅನ್ನುತ್ತಿದ್ದ ತಂತಿ ಒಮ್ಮೆಲೇ ಝೇಂಕರಿಸುತ್ತದೆ. ಜವಾರಿ ತೆರೆಯಿತು ಅನ್ನುತ್ತಾರೆ.

ಮಾಸ್ತರರು ಆಗ ತಂಬೂರಿ ನನ್ನ ಕೈಗೆ ಕೊಟ್ಟು ಹೇಳುತ್ತಿದ್ದರು, "ಹಾಡಬ್ಯಾಡ. ಕೇಳು."

"ಏನು ಕೇಳಬೇಕ್ರಿ ಸರ್?"

"ನೀ ಬಾರಿಸಲಾರದ್ದು ಏನರ ಕೇಳಸ್ತದೇನು ನೋಡು."

ನನಗೆ ಬಹಳ ದಿನ ಏನೂ ಕೇಳಿಸಲಿಲ್ಲ. ಪ ಸಾ ಸಾ ಸಾ, ಅಷ್ಟೇ. ನಂತರ ಒಂದು ದಿನ ಖರ್ಜದ ತಂತಿ ಮೀಟಿದ ಮೇಲೆ ಅದರ ದನಿ ಇಳಿಯುತ್ತಾ ಬಂದಂತೆ ಮೇಲೆ ಎಲ್ಲೋ ಇನ್ನೊಂದು ಸ್ವರ ಮೂಡಿತು. ತೆಳ್ಳಗೆ, ಆದರೆ ಸ್ಪಷ್ಟವಾಗಿ. ಗಾಂಧಾರ. ತಂಬೂರಿಯ ಯಾವ ತಂತಿಯನ್ನೂ ಗಾಂಧಾರಕ್ಕೆ, ಅಂದರೆ ಗ ಸ್ವರಕ್ಕೆ, ಕಟ್ಟಿರುವುದಿಲ್ಲ. ಯಾರೂ ಅದನ್ನು ಮೀಟುವುದಿಲ್ಲ. ತಂತಿಗಳು ಒಂದಕ್ಕೊಂದು ಸರಿಯಾಗಿ ಕೂಡಿದಾಗ ಅದು ತಾನಾಗಿ ಬರುತ್ತದೆ. ಅದಕ್ಕೇ ಅದಕ್ಕೆ ಸ್ವಯಂಭು ಗಾಂಧಾರ ಅಂತ ಹೆಸರು. ಇದರ ಹಿಂದೆ ಪವಾಡ ಏನಿಲ್ಲ. ಒಂದು ತಂತಿ ಕಂಪಿಸುವಾಗ ಇಡೀ ತಂತಿಯ ಜೊತೆಗೆ ಅದರ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು, ಐದನೇ ಒಂದು ಭಾಗಗಳೂ ಕಂಪಿಸುತ್ತವೆ. ಐದನೇ ಭಾಗದ ಕಂಪನದಲ್ಲಿ ಗಾಂಧಾರ ಇದೆ. ನೂಲು ಸರಿಯಾಗಿ ಕೂತರೆ ಅದು ಎದ್ದು ಕೇಳಿಸುತ್ತದೆ. ಕಾರಣ ಗೊತ್ತಾದ ಮೇಲೆ ನನ್ನ ಬೆರಗು ಕಡಿಮೆಯಾಗಲಿಲ್ಲ, ಇನ್ನೂ ಜಾಸ್ತಿಯಾಯಿತು. ನಾನು ಮಾಡಬೇಕಾದದ್ದು ಕೂಡಿಸುವುದು ಮಾತ್ರ. ಬರುವುದು ತಾನಾಗಿ ಬರಬೇಕು. ಕೂಡಿಸದೆ ಅದು ಬರುವುದಿಲ್ಲ, ಅನ್ನುವುದೂ ಅಷ್ಟೇ ನಿಜ.

ಇಲ್ಲಿಗೆ ಬಂದಾಗ ಶಿಶುನಾಳ ಶರೀಫರು ನೆನಪಾಗುತ್ತಾರೆ. "ತರವಲ್ಲ ತಗಿ ನಿನ್ನ ತಂಬೂರಿ, ಸ್ವರ ಬರದೆ ಬಾರಿಸದಿರು ತಂಬೂರಿ." ಸಿ. ಅಶ್ವಥ್ ಅವರ ದನಿಯಲ್ಲಿ ಈ ಪದ ಮನೆಮನೆಗೂ ಮುಟ್ಟಿದೆ. ಶರೀಫರು (1819-1889) ಹುಟ್ಟಿದ್ದು ಶಿಗ್ಗಾವಿ ಸೀಮೆಯ ಶಿಶುವಿನಾಳದಲ್ಲಿ, ಮುಸಲ್ಮಾನರ ಮನೆಯಲ್ಲಿ. ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಆ ಕಾಲದಲ್ಲಿ ಆ ಎರಡೂ ಓಣಿಯವರು ಏನೇನು ಅಂದಿರಬಹುದು ಅಂತ ಊಹಿಸಬಹುದು. ಇಬ್ಬರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಹೀಗೆ ಊರ ಕಟ್ಟಳೆಯನ್ನೇ ಬದಿಗಿಟ್ಟ ಮನುಷ್ಯ ಸ್ವರದ ವಿಷಯದಲ್ಲಿ ಮಾತ್ರ ಎಷ್ಟು ಬಿಗಿ ನೋಡಿ. ಸ್ವರ ಬಾರದೆ ಬಾರಿಸಬೇಡ ಅನ್ನುತ್ತಾರೆ. ಅವರು ಹೇಳುತ್ತಿರುವ ತಂಬೂರಿ ಈ ದೇಹ, ಈ ಬದುಕು. ಅದನ್ನು ತಿದ್ದಿ ನುಡಿಸಬೇಕು, ಸಿಕ್ಕ ಹಾಗೆ ಬಾರಿಸುವುದಲ್ಲ.

ಪುರಂದರದಾಸರೂ (1484-1564) ಇದೇ ಗಂಟನ್ನು ಇನ್ನೊಂದು ಕಡೆಯಿಂದ ಬಿಚ್ಚುತ್ತಾರೆ. "ಕೇಳನೋ ಹರಿ ತಾಳನೋ, ತಾಳಮೇಳಗಳಿದ್ದು ಪ್ರೇಮವಿಲ್ಲದ ಗಾನ." ತಂಬೂರಿ ಇದೆ, ಕೊಂಬು ಇದೆ, ಕೊಳಲು ಇದೆ, ಸ್ವರ ಇದೆ. ಪ್ರೇಮ ಇಲ್ಲ. ಹಾಗಾದರೆ ಅದು ಡಂಭದ ಕೂಗಾಟ, ಹರಿ ನಂಬುವುದಿಲ್ಲ. ಮಾತು ಖಡಕ್ ಆಗಿದೆ. ಆದರೆ ಇದನ್ನು ಹೇಳಿದವರು ಯಾರು ಅಂತ ಮರೆಯಬಾರದು. ಇವತ್ತಿಗೂ ಕರ್ನಾಟಕ ಸಂಗೀತ ಕಲಿಯುವ ಪ್ರತಿ ಮಗು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ ಹಾಡಿಕೊಂಡೇ ಶುರು ಮಾಡುತ್ತದೆ. ಆ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅನ್ನುವುದು ಸಂಪ್ರದಾಯದ ನಂಬಿಕೆ. ಪ್ರೇಮವಿಲ್ಲದ ಗಾನ ಬೇಡ ಅಂದವರೇ ಸ ರಿ ಗ ಮ ಅಂತ ಮಕ್ಕಳ ಗಂಟಲು ತಿದ್ದಲು ಕೂತರು. ಪ್ರೇಮ ಇದ್ದರೆ ಸಾಕು, ಅಭ್ಯಾಸ ಯಾಕೆ ಅನ್ನುವವರಿಗೆ ಅವರ ಬದುಕೇ ಉತ್ತರ. ಪ್ರೇಮ ಇರುವುದರಿಂದಲೇ ಅಭ್ಯಾಸ. ಯಾರ ಮೇಲೆ ಜೀವ ಇಟ್ಟಿದ್ದೇವೋ ಅವರಿಗೆ ಕೊಡುವುದನ್ನು ನಾವು ತೊಳೆದು, ಒರೆಸಿ, ಹಸನು ಮಾಡಿ ಕೊಡುತ್ತೇವೆ ಅಲ್ವಾ?

ಹಂಪಿಯಲ್ಲಿ ವಿಠ್ಠಲನ ಗುಡಿಯಿಂದ ಹೊಳೆಗೆ ಇಳಿದರೆ ಪುರಂದರದಾಸರ ಮಂಟಪ ಸಿಗುತ್ತದೆ. ಕೆತ್ತನೆ ನೋಡಬೇಕು ಅಂತ ಹೋದವರಿಗೆ ಅಲ್ಲಿ ಹೆಚ್ಚೇನೂ ಇಲ್ಲ. ಸಾದಾ ಕಲ್ಲು ಕಂಬಗಳು. ತುಂಗಭದ್ರೆ ತುಂಬಿ ಬಂದಾಗ ಮಂಟಪ ನೀರಿನಲ್ಲಿ ಮುಳುಗುತ್ತದೆ, ಇಳಿದಾಗ ಮತ್ತೆ ಕಾಣುತ್ತದೆ. ಮುಳುಗದೆ ಇದ್ದಾಗ ಹೋಗಿ ಒಂದು ದೇವರನಾಮ ಹಾಡಿ ಬನ್ನಿ. ಕಂಬದ ನಡುವೆ ದನಿ ಚೆನ್ನಾಗಿ ನಿಲ್ಲುತ್ತದೆ.

ಆದರೆ ಎಲ್ಲರಿಗೂ ತಂಬೂರಿ ಇರುವುದಿಲ್ಲ, ಮಾಸ್ತರು ಇರುವುದಿಲ್ಲ. ನಮ್ಮ ಅಜ್ಜಿಗೆ ಶ್ರುತಿ ಅಂದರೆ ಏನು ಅಂತ ಗೊತ್ತಿರಲಿಲ್ಲ. ಶನಿವಾರ ಮಧ್ವನಾಮ, ಶುಕ್ರವಾರ ಲಕ್ಷ್ಮೀ ಶೋಭಾನೆ, ಉಳಿದ ದಿನ ಬಾಯಿಗೆ ಬಂದ ದಾಸರ ಪದ. ಒಂದು ಶ್ರುತಿಯಲ್ಲಿ ಶುರು ಮಾಡಿದ ಪದ ಇನ್ನೊಂದು ಶ್ರುತಿಯಲ್ಲಿ ಮುಗಿಯುತ್ತಿತ್ತು. ಒಗ್ಗರಣೆಗೆ ಸಾಸಿವೆ ಹಾಕುವಾಗ ನಿಲ್ಲಿಸಿ, ಚಟಪಟ ಮುಗಿದ ಮೇಲೆ ಮುಂದಿನ ಸಾಲು ಎತ್ತಿಕೊಳ್ಳುವುದು. ಸಂಗೀತ ಕಲಿಯಲು ಶುರು ಮಾಡಿದ ಹೊಸದರಲ್ಲಿ ನಾನು ಒಂದು ಸಲ ಹೇಳಿದೆ, "ಅಜ್ಜೀ, ಶ್ರುತಿ ಎಲ್ಲೆಲ್ಲೋ ಹೋಗ್ಲಿಕತ್ತದ."

ಅವಳು ತಿರುಗಿ ಕೂಡ ನೋಡಲಿಲ್ಲ. "ಎಲ್ಲಿಗೆ ಹೋದ್ರೂ ಅವಗ ಕೇಳಸ್ತದ ಬಿಡು."

ಬಸವಣ್ಣನವರ ಮೂರನೆಯ ವಚನ ಇಲ್ಲಿಗೆ ಸರಿಯಾಗಿ ಬರುತ್ತದೆ. ತಾಳಮಾನ ಸರಿಸಮ ಅರಿಯೆ, ಓಜೆ ಬಜಾವಣೆಯ ಲೆಕ್ಕ ಅರಿಯೆ, ಅಮೃತಗಣ ದೇವಗಣ ಅರಿಯೆ. ತಾಳ, ಬಾಜಾವಣೆ, ಛಂದಸ್ಸು ಯಾವುದರ ಲೆಕ್ಕವೂ ನನಗೆ ಗೊತ್ತಿಲ್ಲ ಅನ್ನುತ್ತಾರೆ. "ನಿನಗೆ ಕೇಡಿಲ್ಲವಾಗಿ, ಆನು ಒಲಿದಂತೆ ಹಾಡುವೆ." ನಾನು ಹೇಗೆ ಹಾಡಿದರೂ ನಿನಗೇನೂ ಕೆಡುವುದಿಲ್ಲ. ಎಂಥ ಧೈರ್ಯದ ಮಾತು! ಶರೀಫರ ಮಾತಿಗೂ ಇದಕ್ಕೂ ಜಗಳ ಇದೆಯೇನೋ ಅಂತ ಮೇಲೆ ನೋಡಿದರೆ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಶರೀಫರು ಬೈಯುತ್ತಿರುವುದು ಕೇಳಿಸಿಕೊಳ್ಳದೆ ಬಾರಿಸುವವನನ್ನು. ನಮ್ಮಜ್ಜಿಗೆ ರಾಗದ ಲೆಕ್ಕ ಇರಲಿಲ್ಲ, ಆದರೆ ತಾನು ಯಾರಿಗೆ ಹಾಡುತ್ತಿದ್ದೇನೆ ಅನ್ನುವುದು ಒಂದು ಗಳಿಗೆಯೂ ತಪ್ಪಿರಲಿಲ್ಲ. ಅವಳ ಕಿವಿ ಅತ್ತ ಕಡೆ ಇತ್ತು. ಅವಳ ತಂತಿ ಅಲ್ಲಿ ಕೂಡಿತ್ತು.

ದೇವರು ಕೇಳುತ್ತಾನೆ ಅನ್ನುವುದನ್ನು ಇಷ್ಟು ಚಂದ ಮಾಡಿ ಹೇಳಿದವರು ಮಾನವಿಯ ಜಗನ್ನಾಥದಾಸರು (1728-1809). ಅವರ ಹರಿಕಥಾಮೃತಸಾರದ ಕರುಣಾ ಸಂಧಿಯಲ್ಲಿ ಭಾಮಿನಿ ಷಟ್ಪದಿಯ ಒಂದು ಪದ್ಯ ಇದೆ.

"ಮಲಗಿ ಪರಮಾದರದಿ ಪಾಡಲು
ಕುಳಿತು ಕೇಳುವ, ಕುಳಿತು ಪಾಡಲು
ನಿಲುವ, ನಿಂತರೆ ನಲಿವ, ನಲಿದರೆ ಒಲಿವೆ ನಿಮಗೆಂಬ."

ನಿಧಾನಕ್ಕೆ ಓದಿ. ನೀನು ಮಲಗಿಕೊಂಡು ಹಾಡಿದರೆ ಅವನು ಎದ್ದು ಕೂತು ಕೇಳುತ್ತಾನೆ. ನೀನು ಕೂತು ಹಾಡಿದರೆ ಅವನು ನಿಲ್ಲುತ್ತಾನೆ. ನೀನು ನಿಂತು ಹಾಡಿದರೆ ಅವನು ಕುಣಿಯುತ್ತಾನೆ. ನೀನು ಕುಣಿದರೆ, ನಿನಗೆ ಒಲಿದೆ ಅನ್ನುತ್ತಾನೆ. ಪ್ರತಿ ಸಲವೂ ಅವನು ನಮಗಿಂತ ಒಂದು ಹೆಜ್ಜೆ ಮುಂದೆ. ನಾವು ಭಕ್ತಿಯನ್ನು ಯಾವಾಗಲೂ ನಮ್ಮ ಕಡೆಯಿಂದ ಅಳೆಯುತ್ತೇವೆ. ನನಗೆ ಎಷ್ಟು ಪ್ರೀತಿ ಇದೆ, ನನ್ನ ಕಣ್ಣಲ್ಲಿ ನೀರು ಬಂತೋ ಇಲ್ಲವೋ, ನನ್ನ ಮನಸ್ಸು ನಿಂತಿತೋ ಇಲ್ಲವೋ. ಜಗನ್ನಾಥದಾಸರು ಇದನ್ನು ತಿರುಗಿಸಿ ಇಟ್ಟರು. ಅವನಿಗೆ ನಮ್ಮ ಮೇಲೆ ಇರುವ ಪ್ರೀತಿಯಿಂದ ಶುರು ಮಾಡಿದರು. ನಮ್ಮ ಕಡೆಯಿಂದ ಅವರು ಕೇಳಿದ್ದು ಪರಮ ಆದರ ಒಂದೇ. ಮಡಿ ಕೇಳಲಿಲ್ಲ, ಗಂಟಲು ಕೇಳಲಿಲ್ಲ, ಎದ್ದು ಕೂಡಬೇಕು ಅಂತಲೂ ಕೇಳಲಿಲ್ಲ.

ಅಜ್ಜಿ ಕೊನೆಯ ಕೆಲವು ತಿಂಗಳು ಹಾಸಿಗೆ ಹಿಡಿದಿದ್ದಳು. ಪಕ್ಕಕ್ಕೆ ಹೊರಳಲೂ ಇನ್ನೊಬ್ಬರು ಬೇಕಿತ್ತು. ಹಾಡುವುದು ಮಾತ್ರ ಬಿಡಲಿಲ್ಲ. ದನಿ ಎಷ್ಟು ಸಣ್ಣದಾಗಿತ್ತು ಅಂದರೆ ಬಾಯಿಯ ಹತ್ತಿರ ಕಿವಿ ಇಟ್ಟರೆ ಯಾವ ಪದ ಅಂತ ತಿಳಿಯುತ್ತಿತ್ತು. ನಮ್ಮ ಚಿಕ್ಕಮ್ಮ ಒಂದು ದಿನ, "ದಣಿವಾಗ್ತದ, ಸಾಕು ಮಾಡವ್ವಾ" ಅಂದಾಗ ಅಜ್ಜಿ ಹೇಳಿದ್ದು ಈ ಪದ್ಯದ ಮೊದಲ ಸಾಲನ್ನೇ. ಮಲಗಿ ಹಾಡಿದರೂ ನಡೀತದ, ಅವ ಎದ್ದು ಕೂತಿರ್ತಾನ. ಚಿಕ್ಕಮ್ಮ ಮತ್ತೆ ತಡೆಯಲಿಲ್ಲ.

ಈಗ ಫೋನಿನಲ್ಲಿ "ಮನಸ್ಸಿಗೆ ನೆಮ್ಮದಿ ನೀಡುವ ಸಂಗೀತ" ಅಂತ ಹುಡುಕಿದರೆ ಗಂಟೆಗಟ್ಟಲೆ ಸಿಗುತ್ತದೆ. ನದಿಯ ಸದ್ದು, ಕೊಳಲು, ನಡುನಡುವೆ ಓಂ. ನಿದ್ದೆ ಬಾರದವರಿಗೆ ಅದರಿಂದ ಒಳ್ಳೆಯದೇ ಆಗುತ್ತದೆ, ನಾನು ಬೇಡ ಅನ್ನುವುದಿಲ್ಲ. ಆದರೆ ದೇವರ ಮೇಲಿನ ಪ್ರೀತಿ ಅಂದರೆ ನೆಮ್ಮದಿ ಮಾತ್ರ ಅಂತ ಆಗಿಬಿಟ್ಟರೆ ಅಕ್ಕಮಹಾದೇವಿಯನ್ನು ಎಲ್ಲಿ ಇಡುವುದು? "ಕಿಚ್ಚಿಲ್ಲದ ಬೇಗೆಯಲ್ಲಿ ಬೆಂದೆನವ್ವಾ, ಏರಿಲ್ಲದ ಘಾಯದಲ್ಲಿ ನೊಂದೆನವ್ವಾ" ಅಂದವಳು ಅವಳು. ಬೆಂಕಿ ಇಲ್ಲದೆ ಸುಡುತ್ತಿದೆ, ಇರಿತ ಇಲ್ಲದೆ ಗಾಯವಾಗಿದೆ. ಚೆನ್ನಮಲ್ಲಿಕಾರ್ಜುನನ ಮೇಲೆ ಮನಸ್ಸಿಟ್ಟು ಅವಳಿಗೆ ಸಿಕ್ಕಿದ್ದು ನೆಮ್ಮದಿಯಲ್ಲ. ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲು, ಕಂಡ ಕಂಡ ಜೀವವನ್ನೆಲ್ಲ ನಿಲ್ಲಿಸಿ ಅವನನ್ನು ಕಂಡಿರಾ ಅಂತ ಕೇಳುವ ಸ್ಥಿತಿ. ಶಿವಮೊಗ್ಗದ ಉಡುತಡಿಯಿಂದ ಕಲ್ಯಾಣ, ಕಲ್ಯಾಣದಿಂದ ಶ್ರೀಶೈಲ. ಪ್ರೀತಿ ಅವಳನ್ನು ಮನೆಯಿಂದ ಎಬ್ಬಿಸಿ ನಡೆಸಿತು.

ಅಕ್ಕನ ಈ ಉರಿಯನ್ನು ಸಂಗೀತದಲ್ಲಿ ನನಗೆ ಮುಟ್ಟಿಸಿದವರು ಮಲ್ಲಿಕಾರ್ಜುನ ಮನ್ಸೂರರು (1910-1992). ಧಾರವಾಡದ ಪಕ್ಕದ ಮನ್ಸೂರಿನವರು. ಚಿಕ್ಕವರಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದರು. ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರ ಹತ್ತಿರ ಜೈಪುರ್ ಅತ್ರೌಲಿ ಗಾಯನ ಶೈಲಿ ಕಲಿತರು. ಬೇರೆಯವರು ಮುಟ್ಟಲು ಹೆದರುವ ಜೋಡು ರಾಗಗಳು ಅವರಿಗೆ ನೀರು ಕುಡಿದಷ್ಟು ಸಲೀಸು. ಅಂಥವರು ವಚನಕ್ಕೆ ಬಂದಾಗ ಆ ವಿದ್ಯೆಯನ್ನೆಲ್ಲ ಮಡಿಚಿ ಪಕ್ಕಕ್ಕೆ ಇಟ್ಟ ಹಾಗೆ ಹಾಡುತ್ತಿದ್ದರು. "ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ" ಅವರ ದನಿಯಲ್ಲಿ ಕೇಳಿ. ಹಳೇ ಮುದ್ರಣ ಸುಲಭವಾಗಿ ಸಿಗುತ್ತದೆ.

ಆ ವಚನದಲ್ಲಿ ಏನಿದೆ? ಕನಸಿನಲ್ಲಿ ಅಕ್ಕಿ ಕಂಡೆ, ಅಡಕೆ ಕಂಡೆ, ಓಲೆ ಕಂಡೆ, ತೆಂಗಿನಕಾಯಿ ಕಂಡೆ. ಮದುವೆ ಮನೆಯ ಸಾಮಾನು. ಸಣ್ಣ ಸಣ್ಣ ಜಡೆಯ, ಹೊಳೆಯುವ ಹಲ್ಲಿನ ಒಬ್ಬ ಗೊರವ ಭಿಕ್ಷೆಗೆ ಬಂದ. ನಿಲ್ಲದೆ ಮುಂದೆ ಹೊರಟ. ನಾನು ಬೆನ್ನು ಹತ್ತಿ ಹೋಗಿ ಕೈ ಹಿಡಿದೆ. ಕಣ್ಣು ತೆರೆದೆ. ಕೈ ಹಿಡಿದ ಕ್ಷಣಕ್ಕೇ ಎಚ್ಚರ. ಆ ಎಚ್ಚರದಲ್ಲಿ ಅವನು ಇದ್ದನೋ, ತಪ್ಪಿಸಿಕೊಂಡನೋ? ಅಕ್ಕ ಹೇಳುವುದಿಲ್ಲ. ಮನ್ಸೂರರೂ ಅದನ್ನು ಬಿಡಿಸಿ ಹೇಳುವುದಿಲ್ಲ. ಪಕ್ಕದ ಮನೆಯವಳಿಗೆ ಕನಸು ಹೇಳುವ ಸಲಿಗೆಯಲ್ಲೇ ಶುರು ಮಾಡುತ್ತಾರೆ. ಕೇಳುತ್ತಾ ಕೇಳುತ್ತಾ ಆ ವಯಸ್ಸಾದ ಗಂಡಸಿನ ದನಿಯಲ್ಲಿ ಗಂಡಸು ಎಲ್ಲಿಗೆ ಹೋದ ಅಂತ ತಿಳಿಯುವುದಿಲ್ಲ. ಅಲ್ಲಿ ಹಾಡುತ್ತಿರುವವಳು ಅಕ್ಕ. ಅಥವಾ ಅಕ್ಕನೂ ಅಲ್ಲ, ಅವಳ ಒಲವು. ನುಡಿಸುವ ಕೈ ಬದಲಾಗುವುದು ಅಂದರೆ ಇದು ಅಂತ ನನಗೆ ಮೊದಲ ಸಲ ಮನದಟ್ಟಾದದ್ದು ಇವರ ಹಾಡಿನಲ್ಲಿ. ಧಾರವಾಡದಲ್ಲಿ ಅವರ ಮನೆಯ ಹೆಸರು "ಮೃತ್ಯುಂಜಯ". ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಮೇಲೆ ಅವರಿಗಿದ್ದ ಭಕ್ತಿ ಅಷ್ಟು. ಮನೆ ಈಗ ಸ್ಮಾರಕವಾಗಿದೆ, ಹೋಗಿ ನೋಡಬಹುದು.

ಇನ್ನೊಬ್ಬರ ಹೆಸರು ಹೇಳದೆ ಇರಲಾರೆ. ಉಸ್ತಾದ್ ಅಬ್ದುಲ್ ಕರೀಮ್ ಖಾನ್. ಕಿರಾಣಾ ಘರಾಣೆಯನ್ನು, ಅಂದರೆ ಆ ಹೆಸರಿನ ಹಿಂದುಸ್ತಾನಿ ಹಾಡುಗಾರಿಕೆಯ ಪರಂಪರೆಯನ್ನು, ನಮ್ಮ ಸೀಮೆಗೆ ತಂದವರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಹತ್ತಿರ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಪಾಠಕ್ಕೆ ಹೋಗಿ ಬರುತ್ತಿದ್ದರು. ಇವತ್ತು ಈ ಭಾಗದಲ್ಲಿ ಹಾಡುವ ಎಷ್ಟೋ ಗಂಟಲುಗಳ ಬೇರು ಆ ಒಬ್ಬ ಮನುಷ್ಯನಲ್ಲಿದೆ. ಸ್ವರ ಒಂದನ್ನೇ ಹಿಡಿದು ಅದರೊಳಗೆ ಇಳಿಯುವುದು ಅವರ ದಾರಿ. 1937ರ ಅಕ್ಟೋಬರಿನಲ್ಲಿ ಅವರು ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಅನ್ನುವ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ದೇವರ ಹೆಸರು ಹಾಡುತ್ತಾ ಪ್ರಾಣ ಬಿಟ್ಟರು ಅಂತ ಅವರ ಪರಂಪರೆಯವರು ಹೇಳುತ್ತಾ ಬಂದಿದ್ದಾರೆ. ಅವರ ಸಮಾಧಿ ಇರುವುದು ಮಿರಜಿನ ದರ್ಗಾದಲ್ಲಿ.

ನಾನು ಈ ಕಥೆಯಲ್ಲಿ ಯಾವಾಗಲೂ ನಿಲ್ಲುವುದು ಒಂದೇ ಕಡೆ. ಉಸಿರು ಹೋಗುತ್ತಿದೆ ಅಂತ ಗೊತ್ತಿದ್ದೂ ಅವರು ಮೊದಲು ತಂಬೂರಿ ಕೂಡಿಸಿದರು. ದೇವರಿಗೆ ಕೇಡಿಲ್ಲ, ಶ್ರುತಿ ಇಲ್ಲದೆಯೂ ಹೆಸರು ಹೇಳಬಹುದಿತ್ತು. ಆದರೆ ಜೀವನವಿಡೀ ಮಾಡಿದ ಕೆಲಸ ಅದು, ತನ್ನನ್ನು ಸರಿಯಾಗಿ ಕೂಡಿಸಿಕೊಂಡು ಒಪ್ಪಿಸುವುದು. ಕೊನೆಗೆ ಅದನ್ನೇ ಮಾಡಿದರು. ರಿಯಾಜ಼್ ಬೇರೆ, ಪ್ರಾರ್ಥನೆ ಬೇರೆ ಅನ್ನುವ ಗೆರೆ ಅವರ ಪಾಲಿಗೆ ಅಳಿಸಿಹೋಗಿತ್ತು.

ಹೀಗೆ ಒಪ್ಪಿಸಿಕೊಂಡವರು ಕಣ್ಣು ಮುಚ್ಚಿ ತಮ್ಮ ಪಾಡಿಗೆ ತಾವು ಆನಂದವಾಗಿ ಇದ್ದುಬಿಡುತ್ತಾರೆ ಅಂತ ತಿಳಿಯಬಾರದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಹುಟ್ಟು ಕುರುಡರು. ಹಾನಗಲ್ ಕುಮಾರಸ್ವಾಮಿಗಳು ಆ ಹುಡುಗನ ದನಿ ಕೇಳಿ ಕೈ ಹಿಡಿದರು, ಸಂಗೀತ ಕಲಿಸಿದರು. ಕರ್ನಾಟಕಿ, ಹಿಂದುಸ್ತಾನಿ ಎರಡೂ ಕಲಿತ ಗವಾಯಿಗಳು ಆಮೇಲೆ ಏನು ಮಾಡಿದರು? ದೊಡ್ಡ ಕಛೇರಿ ಮಾಡಿಕೊಂಡು ಹೆಸರು ಗಳಿಸಬಹುದಿತ್ತು. ಅವರು ತಮ್ಮಂಥ ಮಕ್ಕಳನ್ನು ಸೇರಿಸಿಕೊಂಡರು. ಕಣ್ಣಿಲ್ಲದವರು, ಅನಾಥರು, ಮನೆಯವರಿಗೆ ಭಾರವಾದವರು. ಜಾತಿ ಕೇಳಲಿಲ್ಲ. ಮೊದಮೊದಲು ಒಂದು ಊರು ಅಂತ ಇರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುವ ಪಾಠಶಾಲೆ ಅದು. ಅನ್ನ ಹಾಕುವುದಕ್ಕಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಬರಗಾಲದಲ್ಲೂ ಮಕ್ಕಳನ್ನು ಕೈಬಿಡಲಿಲ್ಲ. ಬಸವರಾಜ ರಾಜಗುರು ಅವರಂಥ ಗಾಯಕರು ತಯಾರಾದದ್ದು ಅವರ ಕೈಯಲ್ಲಿ.

ಅವರ ನಂತರ ಪುಟ್ಟರಾಜ ಗವಾಯಿಗಳು (1914-2010). ಅವರೂ ಹಾನಗಲ್ ಕಡೆಯ ದೇವಗಿರಿಯವರು, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಸಂಗೀತ, ಹಲವು ವಾದ್ಯ, ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಬರವಣಿಗೆ, ಎಲ್ಲವೂ ಬಂತು. ಆದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅವರನ್ನು ನೆನೆಯುವುದು ಅದಕ್ಕಲ್ಲ. "ಅಜ್ಜಾರು" ಅಂತ ನೆನೆಯುತ್ತಾರೆ. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂಡಿಸಿ ನಾಣ್ಯದ ತುಲಾಭಾರ ಮಾಡುತ್ತಿದ್ದರು. ಆ ನಾಣ್ಯ ಆಶ್ರಮದ ಮಕ್ಕಳ ಅನ್ನಕ್ಕೆ ಹೋಗುತ್ತಿತ್ತು. ವಯಸ್ಸಾದ, ದಣಿದ ದೇಹವನ್ನು ಊರೂರಿಗೆ ಒಯ್ದು ತಕ್ಕಡಿಯಲ್ಲಿ ಇಡಲು ಕೊಟ್ಟರು. ನನ್ನ ಕಾಯವನ್ನು ದಂಡಿಗೆ ಮಾಡು ಅನ್ನುವುದನ್ನು ಇಷ್ಟು ನೇರವಾಗಿ ಬದುಕಿದವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಅವರು ಹೋದಾಗ ಗದಗಿಗೆ ಹರಿದು ಬಂದ ಜನರಲ್ಲಿ ಬಹಳ ಮಂದಿಗೆ ರಾಗದ ಹೆಸರು ಗೊತ್ತಿರಲಿಲ್ಲ.

ಗದಗಿಗೆ ಹೋದವರು ಸಾಮಾನ್ಯವಾಗಿ ವೀರನಾರಾಯಣನ ಗುಡಿ, ತ್ರಿಕೂಟೇಶ್ವರ ನೋಡಿಕೊಂಡು ಬಂದುಬಿಡುತ್ತಾರೆ. ಆಶ್ರಮಕ್ಕೂ ಹೋಗಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಒಂದು ಕೋಣೆಯಲ್ಲಿ ಹಾರ್ಮೋನಿಯಂ, ಇನ್ನೊಂದರಲ್ಲಿ ತಬಲಾ, ಮತ್ತೊಂದು ಕಡೆ ಪಿಟೀಲು, ಎಲ್ಲವೂ ಒಮ್ಮೆಗೇ ನಡೆದಿರುತ್ತದೆ. ಅಷ್ಟು ಸದ್ದಿನ ನಡುವೆ ಮಕ್ಕಳು ತಮ್ಮ ತಮ್ಮ ಶ್ರುತಿಯನ್ನು ಹೇಗೆ ಹಿಡಿದು ಕೂಡುತ್ತಾರೋ ನೋಡಬೇಕು. ಕಲಿಸುವುದಕ್ಕೆ ಅಲ್ಲಿ ಫೀಸು ಇಲ್ಲ, ಊಟಕ್ಕೂ ಇಲ್ಲ. ಕೈಲಾದರೆ ಒಂದು ಚೀಲ ಅಕ್ಕಿಯನ್ನೋ ಜೋಳವನ್ನೋ ಕೊಟ್ಟು ಬನ್ನಿ. ಮಧ್ಯಾಹ್ನದವರೆಗೆ ಇದ್ದರೆ ಪಂಕ್ತಿಯಲ್ಲಿ ಕೂತು ಉಂಡೇ ಹೋಗಿ ಅನ್ನುತ್ತಾರೆ.